ಫಿನ್ನಿಯ ಆಸ್ಕರ್ ಬಿಡಿ, ಶಾಲೆಯ ನಾಟಕ ಎಣಿಸಿ

ಶಾಲೆಗಳನ್ನು ಅಳೆಯುವ ‘ಇ-ಬ್ಯಾಕ್’ ಪದ್ಧತಿಯನ್ನು ಕೈಬಿಡುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರಿನಲ್ಲಿ ಘೋಷಿಸಿದಾಗ ಇಂಗ್ಲೆಂಡಿನ ಕಲಾವಲಯ ಸಮಾಧಾನದ ನಿಟ್ಟುಸಿರುಬಿಟ್ಟಿತು. ಆ ಸಮಾಧಾನ ಅವಸರದ್ದಾಯಿತು. ನಾಟಕ, ಸಂಗೀತಗಳನ್ನು 2010ರಿಂದ ಲೆಕ್ಕದ ಹೊರಗಿಟ್ಟಿದ್ದ ಪದ್ಧತಿ ತೊಲಗಲೇಬೇಕಿತ್ತು, ನಿಜ. ಆದರೆ ರಿಪೇರಿಯಾಗಿರುವುದು ಏಣಿಯ ಕೆಳಗಿನ ಮೆಟ್ಟಿಲು ಮಾತ್ರ.

ಮೇಲಿನ ಮೆಟ್ಟಿಲು ಯಾವುದೆಂದು ತಿಳಿಯಲು ಬ್ರಿಟಿಷ್ ನಟ ಆಲ್ಬರ್ಟ್ ಫಿನ್ನಿಯನ್ನು ನೋಡಿ. ಅವರ ಹೆಸರೆತ್ತಿದರೆ ಅಂಕಣಕಾರರು ಅದೇ ಪಾಠ ಒಪ್ಪಿಸುತ್ತಾರೆ. ಐದು ಸಲ ಆಸ್ಕರ್ ನಾಮನಿರ್ದೇಶನವಾದರೂ ಒಂದೂ ಕೈಗೆ ಬರಲಿಲ್ಲ; 1980ರಲ್ಲಿ ಸಿಬಿಇ ಗೌರವ, 2000ದಲ್ಲಿ ನೈಟ್‌ಹುಡ್, ಎರಡನ್ನೂ ಬೇಡವೆಂದರು. ಸ್ವಾಭಿಮಾನದ ಕಥೆಗೆ ಇಷ್ಟು ಸಾಕು. ನೀತಿ ರೂಪಿಸುವವರಿಗೆ ಬೇಕಾದ ಸಂಖ್ಯೆ 15. ಸಾಲ್ಫರ್ಡ್ ಗ್ರಾಮರ್ ಶಾಲೆಯಲ್ಲಿ ಈ ಹುಡುಗ ಆಡಿದ ನಾಟಕಗಳು ಅಷ್ಟು. ಪರೀಕ್ಷೆಯಲ್ಲಿ ಮಾತ್ರ ಡುಮ್ಕಿ. ಕಡುಬಡತನದ ಕಥೆ ಕಟ್ಟುವುದು ಬೇಡ, ಅಪ್ಪ ಕುದುರೆ ಜೂಜಿನ ಬುಕ್ಕಿ. ಆದರೂ ನಾಪಾಸಾದ ಹುಡುಗನಿಗೆ ಲಂಡನ್ನಿನ ರಾಡಾ ನಾಟಕಶಾಲೆಗೆ ಅರ್ಜಿ ಹಾಕು ಎಂದ ಮುಖ್ಯೋಪಾಧ್ಯಾಯರು ಇ-ಬ್ಯಾಕ್ ಕಾಲದಲ್ಲಿ ಇದ್ದಿದ್ದರೆ ಮೊದಲು ಶಾಲೆಯ ಫಲಿತಾಂಶಕ್ಕೆ ಸಮಜಾಯಿಷಿ ಕೊಡಬೇಕಿತ್ತು.

ಹುಡುಗನಿಗೆ ಸ್ಕಾಲರ್‌ಷಿಪ್ ಸಿಕ್ಕಿತು. 1956ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ. 1959ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಹೆಸರಾಂತ ನಟ ಒಲಿವಿಯೆಗೆ ಬದಲಿ ನಟ. ಮರುವರ್ಷ ತೆರೆಯ ಮೇಲೆ ‘ಸ್ಯಾಟರ್‌ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’. ಮುಂದಿನದು ಎಲ್ಲರಿಗೂ ಗೊತ್ತು.

ಪ್ರತಿಭೆ ಇದ್ದವರು ಹೇಗೂ ಮೇಲೆ ಬರುತ್ತಾರೆ ಎನ್ನುವ ಮಹನೀಯರು ಅದೇ ಶಾಲೆಯಿಂದ ಬಂದ ಚಿತ್ರನಿರ್ದೇಶಕ ಮೈಕ್ ಲೀಯನ್ನು ಗಮನಿಸಲಿ. ಫಿನ್ನಿಗಿಂತ ಸುಮಾರು ಏಳು ವರ್ಷ ಚಿಕ್ಕವರು. 1960ರಲ್ಲಿ ರಾಡಾ ಸೇರಿದ್ದು ಅವರೂ ಸ್ಕಾಲರ್‌ಷಿಪ್ ಮೇಲೆಯೇ. ‘ಟಾಮ್ ಜೋನ್ಸ್’ (1963) ಚಿತ್ರದ ಲಾಭದಲ್ಲಿ ಪಾಲು ಪಡೆದು ದುಡ್ಡು ಕಂಡ ಫಿನ್ನಿ, ನಟ ಮೈಕೆಲ್ ಮೆಡ್ವಿನ್ ಜೊತೆ ಚಿತ್ರನಿರ್ಮಾಣಕ್ಕೆಂದು ಮೆಮೋರಿಯಲ್ ಎಂಟರ್‌ಪ್ರೈಸಸ್ ಕಟ್ಟಿದರು. ಲೀ ಅವರ ಮೊದಲ ಚಿತ್ರ ‘ಬ್ಲೀಕ್ ಮೊಮೆಂಟ್ಸ್’ಗೆ (1971) ಹಣ ಬಂದದ್ದು ಈ ಸಂಸ್ಥೆಯಿಂದ. ಲಿಂಡ್ಸೆ ಆಂಡರ್ಸನ್‌ರ ‘ಇಫ್’, ಸ್ಟೀಫನ್ ಫ್ರಿಯರ್ಸ್‌ರ ಮೊದಲ ಕಥಾಚಿತ್ರ ‘ಗಮ್‌ಷೂ’ ಕೂಡ ಇಲ್ಲಿಂದಲೇ ಹೊರಟವು. ಒಬ್ಬ ನಾಪಾಸು ಹುಡುಗನಿಗೆ ಕೊಟ್ಟ ಸ್ಕಾಲರ್‌ಷಿಪ್ಪು ಬಡ್ಡಿ ಸಮೇತ ವಾಪಸಾದದ್ದು ಹೀಗೆ. ಖಜಾನೆಯ ಗುಮಾಸ್ತರಿಗೆ ಅರ್ಥವಾಗುವ ಭಾಷೆಯೂ ಇದೇ ಅಲ್ಲವೇ?

ಏಣಿಯ ಮೇಲಿನ ಮೆಟ್ಟಿಲಿನದು ಇನ್ನೊಂದು ಅಂಕಿ ನೋಡಿ. 2021ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ನಾಟಕ, ಸಂಗೀತ, ಕಲೆ ಕಲಿಯುವ ತಲಾ ವಿದ್ಯಾರ್ಥಿಗೆ ಕೊಡುತ್ತಿದ್ದ ಹೆಚ್ಚುವರಿ ಅನುದಾನವನ್ನು 243 ಪೌಂಡಿನಿಂದ 121.50ಕ್ಕೆ ಇಳಿಸಿದರು. ಸರಿಯಾಗಿ ಅರ್ಧ. ಶಾಲಾ ಪಠ್ಯಕ್ರಮದ ಸುಧಾರಣೆ ಆ ಗಾಯಕ್ಕೆ ಮದ್ದಲ್ಲ. ಇ-ಬ್ಯಾಕ್ ಹೋದದ್ದರಿಂದ ನಾಟಕದ ಮೇಷ್ಟ್ರಿಗೆ ವಾರದಲ್ಲಿ ಒಂದೆರಡು ಪೀರಿಯಡ್ ಜಾಸ್ತಿ ಸಿಕ್ಕೀತು. ಅವರು ಗುರುತಿಸಿದ ಹುಡುಗನ ಫೀಸು, ಲಂಡನ್ನಿನ ಬಾಡಿಗೆ ಕಟ್ಟುವವರು ಯಾರೆಂಬುದನ್ನು ಮಂತ್ರಿಗಳು ಇನ್ನು ಮುಂದಿನ ಬಜೆಟ್ಟಿನಲ್ಲಾದರೂ ಹೇಳಲಿ.