ಕೂಗಿದರೆ ಓಗೊಡುವ ಮಕ್ಕಳು

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿದು ಶಾಲೆಗೆ ಬೀಗ ಬಿದ್ದೊಡನೆ ನಮ್ಮ ಕಾಸರಗೋಡಿನ ಊರೂರಲ್ಲಿ ಬೇಸಿಗೆ ಶಿಬಿರಗಳು ಏಳುತ್ತವೆ. ಹಾಡು, ಚಿತ್ರ, ನಾಟಕಗಳ ಜೊತೆಗೆ ಗುಡ್ಡ ಹತ್ತುವುದು, ಕಾಡು ಸುತ್ತುವುದು, ಬಯಲಿನಲ್ಲಿ ಅಡಿಗೆ ಮಾಡುವುದು ಇವೂ ಈಗ ಶಿಬಿರದ ಪಟ್ಟಿಯಲ್ಲಿ ಸೇರಿಕೊಂಡಿವೆ. ಇದು ಸಂತೋಷದ ಸಂಗತಿ. ಮಗು ಮಣ್ಣು ಮೆಟ್ಟಿ ಕಲಿಯಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ನೆಲದ ಮಗ್ಗುಲಲ್ಲೇ ಇರುವವರು ನಾವು.

ಆದರೆ ಎಂಟು ಹತ್ತು ವರ್ಷದ ಮಕ್ಕಳಿಗೆ ಗುಡ್ಡದಲ್ಲಿ ಮೊತ್ತಮೊದಲು ಕಲಿಸಬೇಕಾದ ವಿದ್ಯೆ ಯಾವುದು? ಹಗ್ಗದ ಗಂಟೇ? ಬೆಂಕಿ ಹೊತ್ತಿಸುವುದೇ? ದಿಕ್ಸೂಚಿ ನೋಡುವುದೇ? ಇವು ಯಾವುವೂ ಅಲ್ಲವೆಂದೇ ನಮ್ಮ ಅಭಿಪ್ರಾಯ. ಕೂಗಿದಾಗ ಓಗೊಡುವುದೇ ಮೊದಲ ವಿದ್ಯೆ. ಅದನ್ನು ಕಲಿಯಬೇಕಾದವರು ಮಕ್ಕಳು ಮಾತ್ರವೂ ಅಲ್ಲ.

ಹೀಗೆ ಹೇಳಲು ಕಾರಣವಿದೆ. 2023ರ ಏಪ್ರಿಲಿನಲ್ಲಿ ನಾವು ಕೆಲವು ಅಧ್ಯಾಪಕರು ಸೇರಿ ಮೂರು ದಿನಗಳ ಶಿಬಿರ ನಡೆಸಿದೆವು. ಎರಡನೆಯ ದಿನ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗ, ಸಾಲು ಬಿಡಬಾರದೆಂದು ಹತ್ತು ಸಲ ಹೇಳಿದ್ದರೂ ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ಕುಂಟಲ ಹಣ್ಣಿನ ಆಸೆಗೆ ಹಿಂದುಳಿದಳು. ಎಣಿಸಿ ನೋಡುವಾಗ ಒಂದು ತಲೆ ಕಡಮೆ! ನಾವು ಹೆಸರು ಹಿಡಿದು ಕೂಗಿದೆವು. ತೋಟದಲ್ಲಿದ್ದ ಕೆಲಸದವರೂ ಬಂದು ಕೂಗಿದರು. ಒಂದೂವರೆ ಗಂಟೆ ಕಳೆಯಿತು. ಕೊನೆಗೆ ಸೊಪ್ಪು ತರಲು ಬಂದ ಹೆಂಗಸೊಬ್ಬರು ಅವಳನ್ನು ಒಂದು ಗೇರುಮರದ ಹಿಂದೆ ಕಂಡರು. ನಾವು ನಿಂತಿದ್ದಲ್ಲಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ. ಮರದಿಂದ ಸ್ವಲ್ಪ ಆಚೆಗೆ ಆಳವಾದ ಕಲ್ಲುಕೋರೆ.

“ಕೂಗಿದ್ದು ಕೇಳಿಸಲಿಲ್ಲವೇ ಮಗೂ?” ಎಂದು ವಿಚಾರಿಸಿದೆವು. “ಕೇಳಿಸಿತ್ತು ಮಾಷ್ಟ್ರೆ. ಪೆಟ್ಟು ಸಿಗ್ತದೆ ಅಂತ ಹೆದರಿ ಕೂತೆ” ಎಂದಳು.

ಆ ಹೆದರಿಕೆ ಅವಳಿಗೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. “ಸಿಕ್ಕಲಿ, ಕಾಲು ಮುರಿಯುತ್ತೇವೆ” ಎಂದು ಗುಡ್ಡಕ್ಕೆ ಕೇಳುವಂತೆ ಗದರಿದವರು ನಾವೇ. ನಮ್ಮ ಕೂಗೇ ಅವಳ ಬಾಯಿ ಮುಚ್ಚಿಸಿತ್ತು.

ಇದು ನಮ್ಮ ಊರಿನ ಮಕ್ಕಳ ಸ್ವಭಾವ ಮಾತ್ರವಲ್ಲವೆಂದು ಮುಂದೆ ಓದಿ ತಿಳಿದೆವು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ದಾರಿ ತಪ್ಪಿ ಪ್ರಾಣ ಕಳೆದುಕೊಂಡ. ಅವನನ್ನು ಹುಡುಕಲು ಹೋಗಿದ್ದವರು ಆ ದುಃಖದಿಂದಲೇ ಸಣ್ಣ ಮಕ್ಕಳಿಗಾಗಿ ಒಂದು ಪಾಠ ರೂಪಿಸಿದರು. ‘ಮರವನ್ನು ತಬ್ಬಿಕೊಂಡು ನಿಲ್ಲು’ ಎಂಬುದು ಅದರ ಸಾರ. ದಾರಿ ತಪ್ಪಿದೆ ಎಂದು ತಿಳಿದೊಡನೆ ಒಂದು ಮರವನ್ನು ಗೆಳೆಯನನ್ನಾಗಿ ಮಾಡಿಕೊಂಡು ಅಲ್ಲೇ ಇರಬೇಕು. ನಡೆದಷ್ಟೂ ಹುಡುಕುವವರ ಕೆಲಸ ಹೆಚ್ಚುತ್ತದೆ. ಸೀಟಿ ಇಟ್ಟುಕೊಂಡಿರಬೇಕು, ಗಂಟಲು ಸೋತರೂ ಸೀಟಿ ಸೋಲದು. ಇವುಗಳ ಜೊತೆಗೆ ಆ ಪಾಠದಲ್ಲಿ ಇನ್ನೊಂದು ಮಾತಿದೆ: ನಿನ್ನ ತಂದೆತಾಯಿ ನಿನ್ನ ಮೇಲೆ ಸಿಟ್ಟಾಗುವುದಿಲ್ಲ. ಇದನ್ನು ಓದಿದಾಗ ಗೇರುಮರದ ಹಿಂದೆ ಕುಳಿತಿದ್ದ ಆ ಹುಡುಗಿ ನಮ್ಮ ಕಣ್ಣ ಮುಂದೆ ಬಂದಳು.

ಹೊರಾಂಗಣ ಶಿಬಿರವೆಂದರೆ ನಮಗೆ ನೆನಪಾಗುವುದು ಸ್ಕೌಟ್ ಚಳವಳಿ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದರು. ಆದರೆ ಅವರು ಕೂಡ ದೊಡ್ಡ ಹುಡುಗರ ಪಾಠವನ್ನೇ ಚಿಕ್ಕವರ ಮೇಲೆ ಹೇರಲಿಲ್ಲ. 1916ರಲ್ಲಿ ಚಿಕ್ಕವರಿಗೆಂದೇ ಬೇರೆ ಕ್ರಮವನ್ನು ತಂದರು. ನಮ್ಮ ದೇಶದ ಸ್ಕೌಟ್ ಗೈಡ್ ಸಂಸ್ಥೆಯಲ್ಲಿಯೂ ಕಬ್, ಬುಲ್‌ಬುಲ್ ಎಂಬ ವಿಭಾಗಗಳಿರುವುದು ಇದಕ್ಕಾಗಿಯೇ. ನಾವೋ, ಮೂರನೆಯ ತರಗತಿಯ ಮಗುವಿನ ಕೈಗೆ ಬೆಂಕಿಪೆಟ್ಟಿಗೆ ಕೊಟ್ಟು ಫೋಟೋ ತೆಗೆಯುತ್ತೇವೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಗುಡ್ಡಗಳ ಮುಳಿಹುಲ್ಲು ಹೇಗೆ ಒಣಗಿರುತ್ತದೆಂದು ಯಾರಿಗೆ ತಿಳಿಯದು?

ಪರದೇಶದ ಪಾಠವನ್ನು ಇದ್ದ ಹಾಗೆಯೇ ಇಲ್ಲಿಗೆ ತರಲೂ ಬಾರದು. ಮರವನ್ನು ತಬ್ಬಿಕೊ ಎಂದರೆ ನಮ್ಮಲ್ಲಿ ಯಾವ ಮರ? ತೆಂಗಿನ ಬುಡ ಸಲ್ಲದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಳೆದ ಮೇಲೆ ಗುಡುಗು ಸಿಡಿಲಿನ ಮಳೆ ಬರುವ ನಾಡಿನಲ್ಲಿ ಬೋಳು ಪಾರೆಯ ಮೇಲಿನ ಒಂಟಿಮರವೂ ಸಲ್ಲದು. ಆದುದರಿಂದ ಗುಡ್ಡದ ಪಾಠ ಬೆಳಗ್ಗೆಯೇ ನಡೆದು, ಊಟದ ಹೊತ್ತಿಗೆ ಮಕ್ಕಳೆಲ್ಲರೂ ಮಾಡಿನಡಿಗೆ ಬಂದಿರಬೇಕು.

ನಮ್ಮ ನೆಲಕ್ಕೆ ಒಪ್ಪುವ ಪಾಠ ಹೀಗಿರಲಿ. ಮೊದಲನೆಯದು ಕೂಗಳತೆ. ದೂರವನ್ನು ಕೂಗಿನಿಂದಲೇ ಅಳೆದವರು ನಮ್ಮ ಹಿರಿಯರು. ಗೆಳೆಯನನ್ನು ದೂರ ನಿಲ್ಲಿಸಿ, ಕೂಗಿ, ಓಗೊಡಿಸಿ ಮಗುವೇ ಆ ಅಳತೆಯನ್ನು ಕಂಡುಕೊಳ್ಳಲಿ. ಅದರಾಚೆಗೆ ಹೋಗಬಾರದೆಂದು ಆಮೇಲೆ ಹೇಳಿದರೆ ಅರ್ಥವಾಗುತ್ತದೆ. ಎರಡನೆಯದು, ನಿಂತಲ್ಲೇ ನಿಂತು ಸೀಟಿಯನ್ನು ಮೂರು ಮೂರು ಸಲ ಊದುವುದು. ಇದನ್ನು ಆಟವಾಗಿಯೇ ಆಡಿಸಬಹುದು.

ಮೂರನೆಯದು, ಅಪಾಯಗಳ ಗುರುತು. ಕಲ್ಲುಕೋರೆಯ ಅಂಚಿಗೆ ಹೋಗಬಾರದು. ಮಳೆ ಹಿಡಿದ ಮೇಲೆ ಅದು ನೀರು ತುಂಬಿದ ಬಾವಿ. ಸುರಂಗದ ನೀರು ಎಷ್ಟೇ ತಂಪಾಗಿರಲಿ, ಒಳಗೆ ನುಗ್ಗಬಾರದು. ಹಾವು ಕಂಡರೆ ಕಲ್ಲೆಸೆಯದೆ ಹಿಂದೆ ಸರಿಯಬೇಕು. ಕಚ್ಚಿದರೆ ಅಡಗಿಸದೆ ಹೇಳಬೇಕು. ದೊಡ್ಡವರು ಗಾಯ ಕೊಯ್ಯದೆ, ಚೀಪದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಮಗುವನ್ನು ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಮುಟ್ಟಿಸಬೇಕು. ಇಲ್ಲಿಯೂ ಪೆಟ್ಟಿನ ಭಯಕ್ಕೆ ಮಗು ಬಾಯಿ ಬಿಡದಿದ್ದರೆ ಯಾವ ಔಷಧ ತಾನೇ ಏನು ಮಾಡೀತು?

ಇನ್ನು ಕಾಸರಕದ ಮರ. ಕಾಸರಗೋಡೆಂಬ ಹೆಸರು ಅದರಿಂದಲೇ ಬಂತು ಎನ್ನುವವರೂ ಇದ್ದಾರೆ. ಅದರ ಹಣ್ಣು ನೋಡಲು ಕಿತ್ತಳೆಯಂತೆ ಚೆಂದ. ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ನಮ್ಮ ಶಿಬಿರದಲ್ಲಿ ಆ ಮರವನ್ನು ಗುರುತಿಸಿದವರು ಇಬ್ಬರೇ ಮಕ್ಕಳು. ಕನ್ನಡದಲ್ಲಿ ಕಾಸರಕ, ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಂಜಿರ. ಈ ಮೂರು ಹೆಸರುಗಳೂ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಹಲವು ಭಾಷೆಗಳ ಈ ನಾಡಿನಲ್ಲಿ ‘ಮುಟ್ಟಬೇಡ’ ಎಂಬ ಎಚ್ಚರಿಕೆ ಯಾವ ಭಾಷೆಯಲ್ಲಿ ಬಂದೀತೆಂದು ಹೇಳುವಂತಿಲ್ಲ. ಇದನ್ನು ಕಲಿಸಲು ಪೇಟೆಯಿಂದ ತರಬೇತುದಾರರು ಬರಬೇಕಾಗಿಲ್ಲ. ಅಂದು ಮಗುವನ್ನು ಕಂಡ ಆ ಹೆಂಗಸಿನಂತಹವರನ್ನು ಶಿಬಿರಕ್ಕೆ ಕರೆದು, ಕುರ್ಚಿ ಕೊಟ್ಟು, ಅವರಿಂದಲೇ ಪಾಠ ಹೇಳಿಸಿದರೆ ಸಾಕು.

“ಹೆದರಿಕೆ ಇಲ್ಲದಿದ್ದರೆ ಮಕ್ಕಳು ಮಾತು ಕೇಳುತ್ತಾರೆಯೇ? ದಂಡಂ ದಶಗುಣಂ” ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಹೆದರಿಕೆ ಬೇಕು, ಕೋರೆಯ ಹೆದರಿಕೆ ಬೇಕು, ಸಿಡಿಲಿನ ಹೆದರಿಕೆ ಬೇಕು. ನಮ್ಮ ಹೆದರಿಕೆ ಮಾತ್ರ ಬೇಡ. ಕೋರೆಗೆ ಹೆದರಿದ ಮಗು ಅಂಚಿನಿಂದ ಹಿಂದಕ್ಕೆ ಬರುತ್ತದೆ. ನಮಗೆ ಹೆದರಿದ ಮಗು ನಮ್ಮಿಂದ ದೂರ ಸರಿದು ಕೋರೆಯ ಅಂಚಿನವರೆಗೂ ಹೋಗುತ್ತದೆ. ತಪ್ಪು ಮಾಡಿದ ಮಗುವಿಗೆ ಬುದ್ಧಿ ಹೇಳುವುದು ಬೇಡವೆಂದಲ್ಲ. ಅದು ಮನೆಗೆ ಬಂದು, ನೀರು ಕುಡಿದು, ಉಂಡ ಮೇಲೆ ಹೇಳೋಣ.

ಆ ಘಟನೆಯ ನಂತರ ನಮ್ಮ ಶಿಬಿರದ ಮೊದಲ ಗಂಟೆ ಹೆತ್ತವರಿಗೂ ಅಧ್ಯಾಪಕರಿಗೂ ಮೀಸಲಾಗಿದೆ. ಮಕ್ಕಳ ಎದುರಿನಲ್ಲಿಯೇ ನಾವೆಲ್ಲರೂ ಒಂದು ಮಾತು ಕೊಡುತ್ತೇವೆ: “ನೀನು ದಾರಿ ತಪ್ಪಿದರೆ ನಾವು ಹುಡುಕಿಕೊಂಡು ಬರುತ್ತೇವೆ. ಸಿಕ್ಕಿದಾಗ ಬೈಯುವುದಿಲ್ಲ, ಹೊಡೆಯುವುದಿಲ್ಲ.” ಮೊದಲ ವರ್ಷ ಕೆಲವು ತಂದೆಯಂದಿರು ನಕ್ಕರು. ಮಕ್ಕಳು ನಗಲಿಲ್ಲ.

ಬರುವ ಬೇಸಿಗೆಯಲ್ಲಿ ನಿಮ್ಮ ಮಕ್ಕಳನ್ನು ಯಾವ ಶಿಬಿರಕ್ಕಾದರೂ ಕಳುಹಿಸಿರಿ. ಕಳುಹಿಸುವ ಮುನ್ನ ಈ ಒಂದು ಮಾತನ್ನು ಮನೆಯಲ್ಲಿಯೇ ಕೊಡಿರಿ, ಕೊಟ್ಟ ಮಾತಿಗೆ ತಪ್ಪದಿರಿ. ಆಗ ಗುಡ್ಡದಲ್ಲಿ ಹೆಸರು ಹಿಡಿದು ಕರೆದರೆ ಮರದ ಮರೆಯಿಂದ “ಓ” ಎಂಬ ದನಿ ಬಂದೀತು.