ಗಜನಿ ಬಂಜರು ಭೂಮಿಯಲ್ಲ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿಗಳು ಒಡ್ಡು ಕಟ್ಟಿ ಕಡಲಿನಿಂದ ಬೇರ್ಪಡಿಸಿದ ಉಪ್ಪುನೀರಿನ ತಗ್ಗುಭೂಮಿ. ಇವು ನಿಂತ ನೀರಿನ ಬಂಜರು, ಉಪ್ಪು ಹೊರಹಾಕಿ ವರ್ಷವಿಡೀ ಸಿಹಿನೀರು ನಿಲ್ಲಿಸಬೇಕು ಎಂಬ ವಾದ ಬುಡದಲ್ಲೇ ತಪ್ಪು. ಒಳನಾಡಿನ ಕೆರೆಗಳಿಗೆ ಒಪ್ಪುವ ಲೆಕ್ಕ ಅಳಿವೆಗೆ ಒಪ್ಪದು. ಒಳನಾಡಿನ ಕೆರೆಗೆ ಮಳೆಯೇ ಆಧಾರ. ಗಜನಿಗೆ ಮಳೆಯೂ ಬೇಕು, ಭರತ–ಇಳಿತವೂ ಬೇಕು.

ಮಳೆಗಾಲದಲ್ಲಿ ಹೊಳೆಯ ನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನ ನಂತರ ತೂಬು ತೆರೆದರೆ ಭರತದೊಂದಿಗೆ ಸೀಗಡಿ, ಮೀನುಮರಿಗಳು ಒಳಬರುತ್ತವೆ. ಉಳಿದ ಕೂಳೆ ಕೊಳೆತು ಅವುಗಳ ಆಹಾರಸರಪಣಿಗೆ ಮೂಲವಾಗುತ್ತದೆ. ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ. ಈ ಸರದಿಯಲ್ಲಿ ಬಂಜರು ಎಲ್ಲಿದೆ?

ತೂಬು ಮುಚ್ಚಿಯೇ ಇಟ್ಟಾಗ ಹಾನಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಸಾಂದ್ರಗೊಳ್ಳುತ್ತದೆ, ಆಮ್ಲಜನಕ ಕುಸಿಯುತ್ತದೆ. ಶಾಶ್ವತ ಸಿಹಿನೀರು ಅದಕ್ಕೆ ಮದ್ದಲ್ಲ: ಅಂಚಿನ ಕಾಂಡ್ಲ ಮರಗಳು, ಅಳಿವೆಯ ಸೀಗಡಿ, ಏಡಿ ಬದುಕುವುದು ಏರಿಳಿಯುವ ಉಪ್ಪಿನಲ್ಲೇ. 2024ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದ್ದು ಇದೇ ಅಳಿವೆ. ಇಲ್ಲಿ ಆಗಬೇಕಾದದ್ದು ಒಡ್ಡು, ತೂಬುಗಳ ದುರಸ್ತಿ ಮತ್ತು ಕಗ್ಗದ ಬೀಜದ ರಕ್ಷಣೆ.