ಹಾಜರಿಯೂ ತೇರ್ಗಡೆಯೂ

ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ಎಲ್ಲರೂ ತೇರ್ಗಡೆಯ ಪಟ್ಟಿಯನ್ನು ನೋಡುವರು. ವರ್ಷವೆಲ್ಲಾ ಬರೆದಿಟ್ಟ ಹಾಜರಿ ಪುಸ್ತಕವನ್ನು ತೆರೆದು ನೋಡುವವರು ವಿರಳ. ಮೊದಲನೆಯದರ ಕಾರಣವು ಬಹುಮಟ್ಟಿಗೆ ಎರಡನೆಯದರಲ್ಲಿ ಅಡಗಿರುವುದೆಂದು ನಮ್ಮ ಅಭಿಪ್ರಾಯ.

2009ರ ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟ ಯಾದಗಿರಿಯು ನಮ್ಮ ರಾಜ್ಯದ ಚಿಕ್ಕ ಜಿಲ್ಲೆಗಳಲ್ಲೊಂದು. 2011ರ ಜನಗಣತಿಯಲ್ಲಿ ಅಲ್ಲಿಯ ಸ್ತ್ರೀಯರಲ್ಲಿ ಅಕ್ಷರಸ್ಥರು ನೂರಕ್ಕೆ 41ರಷ್ಟು ಮಾತ್ರ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿಯು ನೂರಕ್ಕೆ 94 ತೇರ್ಗಡೆಯಿಂದ ಮೊದಲ ಸ್ಥಾನವನ್ನೂ, ಯಾದಗಿರಿಯು 50.59ರಿಂದ ಕಡೆಯ ಸ್ಥಾನವನ್ನೂ ಪಡೆದವು. ಇದನ್ನು ಕಂಡು ಆ ಸೀಮೆಯ ಮಕ್ಕಳಿಗೆ ಬುದ್ಧಿ ಸಾಲದೆನ್ನುವುದು ಅನ್ಯಾಯ. ಹತ್ತಿ ಬಿಡಿಸುವ ಕಾಲ ಬಂದೊಡನೆ ಎಷ್ಟೋ ಹುಡುಗಿಯರು ತಾಯಿಯೊಡನೆ ಹೊಲಕ್ಕೆ ನಡೆಯಬೇಕು. ತಾಯಿತಂದೆಗಳು ಬೆಂಗಳೂರಿಗೆ ಗುಳೆ ಹೊರಟರೆ ತಾವೂ ಹೊರಡಬೇಕು, ಇಲ್ಲವೆ ಊರಲ್ಲುಳಿದು ತಮ್ಮತಂಗಿಯರನ್ನು ನೋಡಿಕೊಳ್ಳಬೇಕು.

ನೂರಕ್ಕೆ 75 ಹಾಜರಿಯಿದ್ದರೆ ಪರೀಕ್ಷೆಗೆ ಕೂಡಬಹುದೆಂಬುದು ನಿಯಮ. ವರ್ಷದಲ್ಲಿ 220 ದಿನ ಪಾಠ ನಡೆಯಿತೆಂದಿಟ್ಟುಕೊಂಡರೆ, 55 ದಿನ ಬಾರದವಳೂ ಅರ್ಹಳೇ. ಆದರೆ ನಿಯಮವು ಅವಳಿಗೆ ಪರೀಕ್ಷಾ ಮಂದಿರದಲ್ಲಿ ಸ್ಥಳವನ್ನು ಕೊಡಬಲ್ಲುದಲ್ಲದೆ ತಪ್ಪಿದ ಪಾಠವನ್ನು ಕೊಡಲಾರದು. ಬೀಜಗಣಿತದ ಮೊದಲ ಪಾಠವನ್ನು ಕೇಳದವಳಿಗೆ ಮುಂದಿನದೆಲ್ಲವೂ ಕತ್ತಲೆ. ಪರೀಕ್ಷೆ ಸಮೀಪಿಸಿದಾಗ ನಡೆಸುವ ವಿಶೇಷ ತರಗತಿಗಳು ತಳಪಾಯವಿಲ್ಲದ ಗೋಡೆಗೆ ಸುಣ್ಣ ಬಳಿದಂತೆಯೇ ಸರಿ.

ಶಿಕ್ಷಣದ ಹಕ್ಕಿನ ಕಾಯಿದೆಯು 2010ರಿಂದ ಜಾರಿಯಲ್ಲಿದ್ದರೂ ಅದರ ಆಶ್ರಯವು 14 ವರ್ಷಕ್ಕೆ ಮುಗಿಯುವುದು. ಹೈಸ್ಕೂಲಿಗಾಗಿ ಪರವೂರಿಗೆ ಹೋಗಬೇಕಾಗುವುದೂ, ಮನೆಯ ದುಡಿಮೆ ಹೆಗಲಿಗೇರುವುದೂ, ಮದುವೆಯ ಮಾತೇಳುವುದೂ ಆ ವಯಸ್ಸಿನಲ್ಲಿಯೇ. ಎಂಟನೆಯ ತರಗತಿಯವರಿಗೆ ಸೈಕಲ್ ಹಂಚುವ ಕಾರ್ಯವನ್ನು ಸರ್ಕಾರವು 2006-07ರಲ್ಲಿ ಆರಂಭಿಸಿದ್ದು ಈ ದೂರದ ಕಷ್ಟವನ್ನರಿತೇ.

ಕೂಲಿಯಿಲ್ಲದೆ ಒಲೆಯುರಿಯದ ಮನೆಗೆ ಬರಿಯ ಉಪದೇಶ ಸಾಲದೆಂಬ ಆಕ್ಷೇಪವು ನ್ಯಾಯವಾದುದೇ. ಆದುದರಿಂದ ಗುಳೆ ಹೋಗುವವರ ಮಕ್ಕಳಿಗೆ ಊರಿನಲ್ಲಿಯೇ ಊಟ ವಸತಿಗಳು ಏರ್ಪಡಬೇಕು. ಮೂರು ದಿನ ಬಾರದ ಹುಡುಗಿಯ ಮನೆಗೆ ನಾಲ್ಕನೆಯ ದಿನ ಯಾರಾದರೂ ಹೋಗಿ ವಿಚಾರಿಸತಕ್ಕದ್ದು. ಶಾಲೆಯ ಯೋಗ್ಯತೆಯನ್ನು ಅಳೆಯುವವರು ತೇರ್ಗಡೆಯೊಡನೆ ಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಇದನ್ನು ದೂರದ ಸಂಗತಿಯೆಂದೆಣಿಸದಿರಲಿ. ಮದುವೆ, ಜಾತ್ರೆ, ನೆಂಟರ ಬರವು ಎಂದು ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ರೂಢಿ ನಮ್ಮಲ್ಲಿಯೂ ಉಂಟು. ಬಡವರಿಗೆ ಅನಿವಾರ್ಯವಾದುದನ್ನು ಅನುಕೂಲವಂತರು ಅಭ್ಯಾಸವಾಗಿ ಮಾಡಿಕೊಳ್ಳಬಾರದು. ತಮ್ಮ ಮಗಳನ್ನು ನಾಳೆ ತಪ್ಪದೆ ಕಳುಹಿಸಲಿ. ನೆರೆಮನೆಯ ಮಗಳು ಏಕೆ ಬರಲಿಲ್ಲವೆಂದು ಕೇಳಿಯೂ ನೋಡಲಿ.